ಕಾಕ್ ಸೋರಿದರೆ ಗಾಡಿ ಮಾರಬೇಡಿ, ಮೊದಲು ಅದರೊಳಗಿನ ರಬ್ಬರ್ ನೋಡಿ

ಹೋದ ಮಳೆಗಾಲದ ಒಂದು ರಾತ್ರಿ, ಹನ್ನೊಂದು ಹೊಡೆದಿರಬೇಕು, ಅವ್ವ ನಮ್ಮನ್ನು ಎಬ್ಬಿಸಿದಳು. "ಏಳ್ರೋ, ಮನ್ಯಾಗ ಪೆಟ್ರೋಲ್ ನಾತ ಹೊಡಿಲಕತ್ತದ" ಅಂದಳು.

ಪಡಸಾಲೆಯಲ್ಲಿ ಅಪ್ಪನ ಯೆಜ್ಡಿ ನಿಂತಿತ್ತು. ಮೊಬೈಲ್ ಟಾರ್ಚ್ ಹಾಕಿ ನೋಡಿದೆವು. ಕಾಕ್ ಬಂದ್ ಇತ್ತು. ಆದರೂ ಅದರ ಹಿಡಿಕೆಯ ಸುತ್ತಲೂ ತೇವ. ಒಂದು ಹನಿ ಕೂಡುತ್ತಿತ್ತು, ದಪ್ಪಗಾಗುತ್ತಿತ್ತು, ಬೀಳುತ್ತಿತ್ತು. ಕೆಳಗೆ ಶಹಾಬಾದ್ ಫರಸಿಯ ಮೇಲೆ ಎರಡು ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ಅಲ್ಲಿಂದ ಎಂಟು ಹೆಜ್ಜೆಗೆ ಅಡುಗೆಮನೆ. ಒಲೆಯ ಬೂದಿಯೊಳಗೆ ಇನ್ನೂ ಕೆಂಡವಿತ್ತು.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಕಿಟಕಿಯಿಂದ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಹೊಸ್ತಿಲು ದಾಟುತ್ತದೆ. ಇದನ್ನು ಡಿಪ್ಲೊಮಾ ಓದುವಾಗ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಬೆಂಕಿ ಅನಾಹುತಗಳ ಸುದ್ದಿ ಬರೆಯುತ್ತ ಬರೆಯುತ್ತ ಕಲಿತದ್ದು. ಆ ರಾತ್ರಿ ಗಾಡಿಯನ್ನು ತಳ್ಳಿ ಅಂಗಳಕ್ಕೆ ಹಾಕಿ, ಒಲೆಗೆ ನೀರು ಸುರಿದು, ಲೈಟಿನ ಸ್ವಿಚ್ ಮುಟ್ಟದೆ ಬಾಗಿಲು ತೆರೆದಿಟ್ಟು ಕೂತೆವು. ಮಳೆ ಬರುತ್ತಿತ್ತು. ಗಾಡಿ ನೆನೆಯಿತು. ಅಪ್ಪ ಮಾತಾಡಲಿಲ್ಲ.

ಬೆಳಿಗ್ಗೆ ಅವ್ವ ತೀರ್ಪು ಕೊಟ್ಟಳು: "ಇದನ್ನ ಮಾರ್ರಿ, ಇಲ್ಲಾ ಹೊರಗ ಇಡ್ರಿ."

ಹೊರಗಿಡುವುದು ನಮ್ಮ ಕಡೆ ಸುಲಭವಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಹಳ್ಳಿಗೆ ಹೋದರೂ ನೋಡಿ, ಗಾಡಿ ಮನೆಯ ಒಳಗೇ ಇರುತ್ತದೆ. ದನಕ್ಕೆ ಕೊಟ್ಟಿಗೆ ಉಂಟು, ಗಾಡಿಗಿಲ್ಲ. ಬಿಸಿಲು, ಎರಿ ಮಣ್ಣಿನ ಧೂಳು, ಕಳ್ಳತನ, ವೈರ್ ಕಡಿಯುವ ಇಲಿ, ಹೀಗೆ ಕಾರಣ ನಾಲ್ಕಾರು. ರಾತ್ರಿಯಾದರೆ ಹೊಸ್ತಿಲಿಗೆ ಹಲಗೆ ಕೊಟ್ಟು ಗಾಡಿ ಒಳಗೆ ತಳ್ಳುವುದು, ಅದರ ಪಕ್ಕದಲ್ಲೇ ಹಾಸಿಕೊಂಡು ಮಲಗುವುದು. ಹಾಗಾಗಿ ಒಂದು ಹಳೇ ಗಾಡಿಯ ಕಾಕ್ ಸೋರುವುದು ಹವ್ಯಾಸಿಗಳ ತಲೆನೋವು ಮಾತ್ರ ಅಲ್ಲ, ಮನೆಯ ಸುರಕ್ಷತೆಯ ಮಾತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ಈಗಿನ ಹುಡುಗರಿಗೆ ಕಾಕ್ ಎಂದರೇನು ಅಂತಲೇ ಗೊತ್ತಿಲ್ಲ. ಅದು ಅವರ ತಪ್ಪಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಿಗೆ ಇಂಜೆಕ್ಷನ್ ಬಂತು, ಟ್ಯಾಂಕಿನೊಳಗೆ ಪಂಪು ಕೂತಿತು, ಕಾಕ್ ಮಾಯವಾಯಿತು. ಮೊದಲು ಪ್ರತಿ ಫಟಫಟಿಗೂ ಟ್ಯಾಂಕಿನ ಕೆಳಗೆ ಒಂದು ಪುಟ್ಟ ನಲ್ಲಿ ಇರುತ್ತಿತ್ತು. ಅದಕ್ಕೆ ಮೂರು ಸ್ಥಾನ: ಚಾಲು, ಬಂದ್, ರಿಸರ್ವ್. ಟ್ಯಾಂಕಿನ ಒಳಗೆ ಈ ನಲ್ಲಿಯಿಂದ ಒಂದು ಸಣ್ಣ ಕೊಳವೆ ಮೇಲಕ್ಕೆದ್ದು ನಿಂತಿರುತ್ತದೆ. ಚಾಲು ಇಟ್ಟಾಗ ಪೆಟ್ರೋಲ್ ಆ ಕೊಳವೆಯ ತುದಿಯಿಂದ ಇಳಿಯುತ್ತದೆ. ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಇಂಜಿನ್ ಮುಗ್ಗರಿಸುತ್ತದೆ. ಆಗ ಓಡುತ್ತಿರುವಾಗಲೇ ಎಡಗೈ ಕೆಳಗೆ ಬಿಟ್ಟು ಹಿಡಿಕೆ ತಿರುಗಿಸಿದರೆ, ತಳದಲ್ಲಿರುವ ಇನ್ನೊಂದು ತೂತಿನಿಂದ ಉಳಿದದ್ದು ಬರುತ್ತದೆ. ಅದೇ ರಿಸರ್ವ್. ಕೈಯಲ್ಲಿ ಕಾಸಿಲ್ಲದವನು "ರಿಸರ್ವ್‌ಗಿ ಬಂದೀನಿ" ಅನ್ನುವುದು ಈ ನಲ್ಲಿಯಿಂದ ಬಂದ ಮಾತು. ರಿಸರ್ವೂ ಮುಗಿದರೆ ಗಾಡಿಯನ್ನು ಎಡಕ್ಕೆ ಮಲಗಿಸಿ ಎಬ್ಬಿಸುವುದು, ಟ್ಯಾಂಕಿನ ಬಾಯಿಗೆ ಬಾಯಿಟ್ಟು ಊದುವುದು... ನಲವತ್ತು ದಾಟಿದವರೆಲ್ಲ ಮಾಡಿದ್ದಾರೆ, ನಗಬೇಡಿ.

ಈ ನಲ್ಲಿಯ ಒಳಗಿರುವುದು ಬಹಳ ಸರಳ. ಹಿಡಿಕೆಯ ಒಳಮುಖದಲ್ಲಿ ಒಂದು ಹಳ್ಳ. ಅದರ ಎದುರಿಗೆ, ಕಾಕ್‌ನ ಒಡಲೊಳಗೆ, ತೂತುಗಳಿರುವ ಒಂದು ರಬ್ಬರ್ ಬಿಲ್ಲೆ, ನಾಣ್ಯದ ಗಾತ್ರದ್ದು. ಹಿಡಿಕೆ ತಿರುಗಿದಂತೆ ಅದರ ಹಳ್ಳ ಬೇರೆ ಬೇರೆ ತೂತುಗಳನ್ನು ಜೋಡಿಸುತ್ತದೆ, ಇಲ್ಲವೇ ಮುಚ್ಚುತ್ತದೆ. ಹಿಡಿಕೆಯನ್ನು ರಬ್ಬರಿಗೆ ಒತ್ತಿ ಹಿಡಿಯಲು ಅಲೆಅಲೆಯಾದ ತೆಳು ಸ್ಪ್ರಿಂಗ್ ವಾಷರ್, ಅದರ ಮೇಲೊಂದು ತಗಡು, ಎರಡು ಸಣ್ಣ ಸ್ಕ್ರೂ. ಅಷ್ಟೇ. ಎಲ್ಲ ಗಾಡಿಗಳದ್ದೂ ಹೀಗೇ ಇರುವುದಿಲ್ಲ, ನಮ್ಮದರದು ಹೀಗಿತ್ತು.

ನಮ್ಮ ಗಾಡಿಯ ಹುಟ್ಟೂರು ಮೈಸೂರು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ 1973ರಿಂದ ಯೆಜ್ಡಿ ತಯಾರಾದವು. ಮೂಲ ತಂತ್ರಜ್ಞಾನ ಜೆಕೊಸ್ಲೊವಾಕಿಯಾದ್ದು, ಕೈ ನಮ್ಮವರದ್ದು. ಕಿಕ್ ಹೊಡೆಯುವ ಸರಳೇ ಗೇರ್ ಹಾಕುವ ಸರಳೂ ಆಗುವ ಆ ಯುಕ್ತಿಯನ್ನು ಬೇರೆ ಗಾಡಿಯವರು ಬೆರಗಿನಿಂದ ನೋಡುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ರಸ್ತೆಯಲ್ಲಿರುವ ಅತ್ಯಂತ ಕಿರಿಯ ಹಳೇ ಯೆಜ್ಡಿಗೂ ಈಗ ಮೂವತ್ತರ ಹತ್ತಿರ ಹತ್ತಿರ ವಯಸ್ಸು. ಇತ್ತೀಚೆಗೆ ಅದೇ ಹೆಸರುಗಳಲ್ಲಿ ಹೊಸ ಗಾಡಿಗಳು ಬಂದಿವೆ. ಅವು ಬೇರೆಯದೇ ಯಂತ್ರ, ಅವುಗಳ ಸಾಮಾನು ಇವಕ್ಕೆ ಕೂಡುವುದಿಲ್ಲ.

ಇಂಥ ಗಾಡಿಗಳು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ದುಡಿಯುತ್ತಿವೆ. ಹಾಲಿನ ಕ್ಯಾನು ಹೊರುತ್ತವೆ, ಮೇವಿನ ಹೊರೆ ಹೊರುತ್ತವೆ, ಅಮಾವಾಸ್ಯೆಗೆ ಗಾಣಗಾಪುರಕ್ಕೆ ಮೂವರನ್ನು ಕೂಡಿಸಿಕೊಂಡು ಹೋಗುತ್ತವೆ. (ಮೂವರು ಕೂಡಬಾರದು. ಗೊತ್ತು.)

ಆದರೆ ಕಾನೂನಿನ ಕಣ್ಣಿಗೆ ಇವು ಏನೂ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ವಾಹನಗಳ ನಿಯಮ ತಂದಿತು. ಅದರ ಪ್ರಕಾರ ಐವತ್ತು ವರ್ಷ ದಾಟಿ, ಮೂಲರೂಪದಲ್ಲೇ ಇರುವ ಗಾಡಿ ವಿಂಟೇಜ್. ನೋಂದಣಿಗೆ 20,000 ರೂಪಾಯಿ, ಮತ್ತು ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಮೆರವಣಿಗೆಗೆ ತರಬಹುದು, ಹೊಲಕ್ಕೆ ಒಯ್ಯಬಾರದು! ಇನ್ನೊಂದು ಕಡೆ, 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲಿನ ನೋಂದಣಿ ನವೀಕರಣದ ಶುಲ್ಕ 2,000 ರೂಪಾಯಿ ಆಗಿದೆ. ಶ್ರೀಮಂತನ ಷೋಕಿಗೆ ಒಂದು ನಿಯಮವಿದೆ, ಗುಜರಿಗೆ ಒಂದು ನಿಯಮವಿದೆ. ಗಾಡಿಯನ್ನು ದುಡಿಸಿಕೊಳ್ಳುವ ಬಡವನ ಹೆಸರು ಎರಡರಲ್ಲೂ ಇಲ್ಲ.

ಈ ಸಂದಿನಲ್ಲೇ ದಲಾಲರು ಬರುತ್ತಾರೆ. ನಮ್ಮ ಮನೆಗೂ ಬಂದಿದ್ದರು. ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಕಾಕ್ ಮುಟ್ಟಿ ಬೆರಳು ಮೂಸಿ, "ಎಣ್ಣಿ ಸೋರ್ತದ, ಇದರ ಸಾಮಾನ ಎಲ್ಲೂ ಸಿಗಂಗಿಲ್ಲ, ಗುಜರಿ ರೇಟಿಗಿ ಕೊಡ್ರಿ" ಅಂದರು. ಅದೇ ಗಾಡಿ ಬಣ್ಣ ಬಳಿಸಿಕೊಂಡು ದೊಡ್ಡ ಊರಿಗೆ ಹೋದರೆ ಯಾವ ಬೆಲೆಗೆ ಹೋಗುತ್ತದೆ ಅನ್ನುವುದನ್ನು ನೀವೇ ಮೊಬೈಲಿನಲ್ಲಿ ಹುಡುಕಿ ನೋಡಿ. ಕಾಕ್ ಸೋರುವುದು ಅವರ ಪಾಲಿಗೆ ಚೌಕಾಸಿಯ ಹತ್ಯಾರ. ಹಳ್ಳಿಯ ಮನುಷ್ಯ ಹೆದರುವುದು ಇಂಜಿನ್ನಿಗಲ್ಲ, ಬೆಂಕಿಗೆ. ಆ ಹೆದರಿಕೆಯ ಮೇಲೆ ಗಾಡಿ ಕೈಬಿಟ್ಟು ಹೋಗುತ್ತದೆ.

ಈಗ ಮೂಲ ಪ್ರಶ್ನೆ. ಇಷ್ಟು ವರ್ಷ ಸುಮ್ಮನಿದ್ದ ಕಾಕ್‌ಗಳು ಈಗೀಗ ಒಂದರ ಹಿಂದೊಂದು ಯಾಕೆ ಸೋರುತ್ತಿವೆ? ರಬ್ಬರಿಗೆ ವಯಸ್ಸಾಗಿದೆ, ಅದು ಮೊದಲ ಕಾರಣ. ಯಾವ ರಬ್ಬರೂ ಮೂವತ್ತು ವರ್ಷ ಬಾಳುವುದಿಲ್ಲ. ಆದರೆ ಜೇವರ್ಗಿಯಲ್ಲಿ ನಾವು ಮಾತಾಡಿಸಿದ ಒಬ್ಬ ಹಳೇ ಮಿಸ್ತ್ರಿ, ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿದವರು, ಬೇರೆ ಮಾತು ಹೇಳಿದರು. "ಮೊದಲ ಈ ರಬ್ಬರ ಒಣಗಿ ಹೋಗ್ತಿತ್ತು. ಈಗ ಉಬ್ಬಿ ಬರ್ಲಕತ್ತದ. ಎಣ್ಣಿನೇ ಬ್ಯಾರೆ ಆಗ್ಯಾದ ತಮ್ಮಾ."

ಎಣ್ಣೆ ಬೇರೆ ಆಗಿರುವುದು ಖರೆ. ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನಮ್ಮ ದೇಶದಲ್ಲಿ ಹೊಸದಲ್ಲ, ಆದರೆ ಪ್ರಮಾಣ ಏರಿದ್ದು ಇತ್ತೀಚೆಗೆ. ಶೇಕಡಾ 10ರ ಗುರಿ ಮುಟ್ಟಿದ್ದು 2022ರಲ್ಲಿ. ಶೇಕಡಾ 20ರ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಮೊದಲು 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ಎಳೆದು, 2025ರಲ್ಲೇ ಮುಟ್ಟಿದರು. ಇ20ಗೆ ತಡೆಯುವ ರಬ್ಬರ್, ಪ್ಲಾಸ್ಟಿಕ್ ಹಾಕಿದ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಮುಂಚಿನ ಗಾಡಿ ಇಟ್ಟುಕೊಂಡವರ ಕೈಯಲ್ಲಿ ಆಯ್ಕೆ ಇಲ್ಲ. ಬಂಕಿನಲ್ಲಿ ಹಾಕಿದ್ದನ್ನು ಹಾಕಿಸಿಕೊಳ್ಳಬೇಕು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಇಡಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಎಥನಾಲ್ ಹಳೇ ಕಾಕ್‌ಗೆ ಎರಡು ರೀತಿ ಏಟು ಕೊಡುತ್ತದೆ. ಒಂದು, ಹಳೇ ನಮೂನೆಯ ರಬ್ಬರ್ ಅದನ್ನು ಹೀರಿ ಉಬ್ಬುತ್ತದೆ, ಗಾಡಿ ನಿಲ್ಲಿಸಿ ಟ್ಯಾಂಕ್ ಒಣಗಿದಾಗ ಮತ್ತೆ ಕುಗ್ಗಿ ಬಿರಿಯುತ್ತದೆ. ಉಬ್ಬು, ಕುಗ್ಗು, ಉಬ್ಬು, ಕುಗ್ಗು. ಎರಡನೆಯದು ನೀರು. ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ತಳದಲ್ಲಿ ಏನಿದೆ? ನಮ್ಮ ಕಾಕ್. ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಚಕ್ಕೆ ಕೆಳಗಿಳಿದು ಹಿಡಿಕೆಗೂ ರಬ್ಬರಿಗೂ ನಡುವೆ ಸಿಕ್ಕಿ ಗೀರುತ್ತದೆ. ಸೋರುವುದು ಆ ಗೀರಿನಿಂದ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವ ಗಾಡಿಗೆ ಇದು ಜಾಸ್ತಿ, ದಿನಾ ಓಡುವ ಗಾಡಿಗೆ ಕಡಿಮೆ.

ಇಲ್ಲಿ ನಮ್ಮ ಮನೆಯೊಳಗಿನ ಒಂದು ಜಗಳವನ್ನೂ ಹೇಳಬೇಕು. ನಮ್ಮ ಕಾಕಾ ಅಫಜಲಪುರ ಕಡೆ ಭೀಮಾ ದಂಡೆಯಲ್ಲಿ ಕಬ್ಬು ಹಾಕಿದವರು. ಎಥನಾಲನ್ನು ಬಯ್ದರೆ ಅವರಿಗೆ ಸಿಟ್ಟು. "ನಿನ್ನ ಫಟಫಟಿ ಸಲುವಾಗಿ ನಾ ಕಬ್ಬ ಸುಡ್ಲೇನು?" ಅಂತ ಅಪ್ಪನಿಗೆ ಕೇಳಿದರು. ಅವರ ಮಾತಿನಲ್ಲೂ ನ್ಯಾಯವಿದೆ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರಿನ ಕಾರ್ಖಾನೆಗಳ ಕಡೆಗೆ ಹಂಗಾಮಿನಲ್ಲಿ ಸಾಲುಗಟ್ಟಿ ಹೋಗುವ ಕಬ್ಬಿನ ಟ್ರ್ಯಾಕ್ಟರ್ ನೋಡಿದವರಿಗೆ ಗೊತ್ತು, ಈ ಸೀಮೆಯ ಎಷ್ಟು ಮನೆಗಳ ಮದುವೆ, ಸಾಲ, ಹುಡುಗರ ಫೀಸು ಆ ಬಿಲ್ಲಿಗೆ ಕಾದಿರುತ್ತವೆ ಅಂತ. ಬರೀ ಸಕ್ಕರೆ ನಂಬಿದರೆ ಕಾರ್ಖಾನೆಗೆ ಹಣ ತಡ, ಕಾಕಂಬಿ ಮತ್ತು ರಸದಿಂದ ಎಥನಾಲ್ ಮಾಡಿ ಮಾರಿದರೆ ಬೇಗ ಬರುತ್ತದೆ, ರೈತನ ಬಾಕಿಯೂ ಬೇಗ ತೀರಬೇಕು, ಇದು ಯೋಜನೆಯ ಲೆಕ್ಕ. ಹೊರದೇಶದ ಎಣ್ಣೆಗೆ ಕೊಡುವ ದುಡ್ಡೂ ಉಳಿಯುತ್ತದೆ. ಹೀಗಾಗಿ ನಾವು ಎಥನಾಲ್ ಬೇಡ ಅನ್ನುವವರಲ್ಲ. ಒಂದೇ ಮನೆಯ ಅಣ್ಣ ಬೆಳೆದದ್ದು ತಮ್ಮನ ಗಾಡಿಯ ರಬ್ಬರ್ ತಿನ್ನುತ್ತಿದೆ ಅಂದಮೇಲೆ, ಇಬ್ಬರನ್ನೂ ಉಳಿಸುವ ದಾರಿ ಹುಡುಕಬೇಕಾದವರು ಯಾರು ಅನ್ನುವುದಷ್ಟೇ ನಮ್ಮ ತಕರಾರು.

ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಒಂದು ಹೇಳಿಕೆ ಕೊಟ್ಟಿತ್ತು. ಕೆಲವು ಹಳೇ ವಾಹನಗಳಲ್ಲಿ ಸುಮಾರು 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ, ಮಾಮೂಲಿ ಸರ್ವೀಸಿನಲ್ಲೇ ಆಗುತ್ತದೆ ಎಂಬುದು ಅದರ ತಾತ್ಪರ್ಯ. ಸರಿ, ಒಪ್ಪಿದೆವು. ಅಗ್ಗದ ಕೆಲಸವೇ. ಆದರೆ ಸ್ವಾಮಿ, ಆ ರಬ್ಬರ್ ಸಿಗುವುದೆಲ್ಲಿ? ಮುಚ್ಚಿಹೋದ ಕಾರ್ಖಾನೆಯ ಗಾಡಿಗೆ 'ಮಾಮೂಲಿ ಸರ್ವೀಸ್' ಮಾಡುವವರು ಯಾರು?

ನಾವು ಹುಡುಕಿದ ಕತೆ ಕೇಳಿ. ಮೊದಲು ಎಲ್ಲರಂತೆ ಹೊಸ ಕಾಕ್ ತಂದೆವು. ಪೊಟ್ಟಣದ ಮೇಲೆ ಚಂದದ ಚಿತ್ರವಿತ್ತು, ತಯಾರಕರ ವಿಳಾಸವಿರಲಿಲ್ಲ. ಮೂರು ವಾರಕ್ಕೆ ಅದೂ ಹನಿಯತೊಡಗಿತು. ಬಿಚ್ಚಿ ನೋಡಿದರೆ ರಬ್ಬರ್ ಹಪ್ಪಳದಂತೆ ಮಡಚಿಕೊಂಡಿತ್ತು, ಎರಕದ ಮುಖ ಉಗುರಿಗೆ ಗೀರು ಬೀಳುವಷ್ಟು ಮೆದು. ನಡುವೆ ಇನ್ನೊಬ್ಬರು ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿಕೊಟ್ಟರು. ಇದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಟ್ಯೂಬಿನ ರಬ್ಬರ್ ಪೆಟ್ರೋಲಿನಲ್ಲಿ ಎರಡೇ ದಿನಕ್ಕೆ ಉಬ್ಬಿ ತೂತುಗಳನ್ನೇ ಮುಚ್ಚುತ್ತದೆ. ಗಾಡಿ ನಡುರಸ್ತೆಯಲ್ಲಿ ನಿಂತಿತು. ಸಾಬೂನು ಒತ್ತುವುದು ಹಳೇ ಉಪಾಯ, ಒಂದು ಕಾಲಕ್ಕೆ ಮನೆ ಮುಟ್ಟಿಸುತ್ತಿತ್ತು. ಸಾಬೂನು ಆಲ್ಕೋಹಾಲಿನಲ್ಲಿ ಕರಗುವ ವಸ್ತು, ಹಾಗಾಗಿ ಇಂದಿನ ಪೆಟ್ರೋಲಿಗೆ ಅದನ್ನು ನಂಬಿ ಕೂಡಬೇಡಿ.

ಕೊನೆಗೆ ಜೇವರ್ಗಿಯ ಅದೇ ಮಿಸ್ತ್ರಿಯ ಹತ್ತಿರ ಹಳೇ ಕಾಕನ್ನೇ ಒಯ್ದೆವು. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಒಡಲು ಗಟ್ಟಿ ಅದ. ಕರುಳಷ್ಟೇ ಬದಲಿ ಮಾಡ್ರಿ" ಅಂದರು. ಅವರ ಕಣ್ಣು ಈಗ ಮಂಜು. ಹೇಳಿದ್ದು ಅವರು, ಮಾಡಿದ್ದು ನಾವು.

ಬೇಕಾದದ್ದು ವಿಟಾನ್ ಅನ್ನುವ ಜಾತಿಯ ರಬ್ಬರ್. ಎಥನಾಲಿಗೆ ಜಗ್ಗುವುದಿಲ್ಲ. ಕಲಬುರಗಿಯಲ್ಲಿ ಬೇರಿಂಗ್, ಆಯಿಲ್ ಸೀಲ್ ಮಾರುವ ಮೂರು ಅಂಗಡಿ ತಿರುಗಿದೆವು. ಒಂದರಲ್ಲಿ ವಿಟಾನ್ ಓ-ರಿಂಗ್ ಸಿಕ್ಕಿತು, ಅದು ಕಾಕ್ ಮತ್ತು ಟ್ಯಾಂಕಿನ ನಡುವಿನ ಜಾಗಕ್ಕಾಯಿತು. ಹಾಳೆ ಎಲ್ಲೂ ಸಿಗಲಿಲ್ಲ, ಕೊರಿಯರಿನಲ್ಲಿ ತರಿಸಿದೆವು. ಅಂಗೈಯಗಲ ಹಾಳೆಯಲ್ಲಿ ಹತ್ತು ಕಾಕ್ ಆಗುವಷ್ಟು ಬಿಲ್ಲೆ ಬರುತ್ತವೆ. ಬಣ್ಣ ನೋಡಿ ವಿಟಾನ್ ಅಂತ ನಂಬಬೇಡಿ, ಕಂದೂ ಇರುತ್ತದೆ, ಕಪ್ಪೂ ಇರುತ್ತದೆ. ಅನುಮಾನ ಬಂದರೆ ಒಂದು ತುಂಡನ್ನು ಬಂಕಿನ ಪೆಟ್ರೋಲಿನಲ್ಲಿ, ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ, ಮನೆಯ ಹೊರಗೆ ನೆರಳಲ್ಲಿ ಒಂದು ವಾರ ಇಟ್ಟು ನೋಡಿ. ಇಡುವ ಮುಂಚೆ ಕಾಗದದ ಮೇಲೆ ಅದರ ಸುತ್ತ ಗೆರೆ ಎಳೆದುಕೊಂಡಿರಿ. ವಾರದ ನಂತರ ಗೆರೆ ಮೀರಿ ಬೆಳೆದಿದ್ದರೆ ಅದು ಬೇರೇನೋ.

ಕೆಲಸಕ್ಕೆ ಕೂತದ್ದು ಬೆಳಿಗ್ಗೆ, ಬಯಲಿನಲ್ಲಿ, ಬೇವಿನ ಗಿಡದ ಕೆಳಗೆ. ಬ್ಯಾಟರಿಯ ವೈರ್ ಬಿಚ್ಚಿಟ್ಟು, ಬೀಡಿ ಸೇದುವವರನ್ನು ದೂರ ಕಳಿಸಿ, ಪೆಟ್ರೋಲನ್ನು ತಗಡಿನ ಡಬ್ಬಿಗೆ ಇಳಿಸಿದೆವು. ತಳದ ಕೊನೆಯ ಲೋಟದಲ್ಲಿ ಬೇರೆಯೇ ಪದರ ಕಂಡಿತು, ಮಬ್ಬು ಬಣ್ಣದ್ದು, ಕೆಂಪು ತುಕ್ಕಿನ ಪುಡಿ ಸಮೇತ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಎರಡು ಸ್ಕ್ರೂ ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಹಿಂದಿನ ರಾತ್ರಿ ಎಣ್ಣೆ ಬಿಟ್ಟು ನೆನೆಸಿಟ್ಟಿದ್ದೆವು. ಸ್ಕ್ರೂಡ್ರೈವರ್ ಸರಿಯಾದ ಅಳತೆಯದ್ದಿರಲಿ, ತಲೆ ಸವೆದರೆ ಆಮೇಲೆ ಅಳುವುದೇ ಗತಿ. ತಗಡು, ಸ್ಪ್ರಿಂಗ್ ವಾಷರ್, ಹಿಡಿಕೆ, ರಬ್ಬರ್, ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್ ಚಪ್ಪಟೆಯಾಗಿದ್ದರೆ ರಬ್ಬರ್ ಎಷ್ಟು ಹೊಸದಿದ್ದರೂ ಪ್ರಯೋಜನವಿಲ್ಲ. ನಮ್ಮದನ್ನು ಒತ್ತಿ ನೋಡಿದೆವು, ಇನ್ನೂ ಜೀವವಿತ್ತು.

ಒಡಲನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ತೂತುಗಳಿಗೆ ತೆಳು ತಾಮ್ರದ ತಂತಿ ಹಾಕಿ ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು. ಟ್ಯಾಂಕಿನೊಳಗಿನ ಜಾಳಿಗೆ ಹರಿದಿರಲಿಲ್ಲ, ಪುಣ್ಯ. ಹಿಡಿಕೆಯ ಒಳಮುಖದಲ್ಲಿ ಎರಡು ಗೀರು ಕಂಡವು. ಕಿಟಕಿ ಗಾಜಿನ ತುಂಡಿನ ಮೇಲೆ 600 ನಂಬರಿನ ನೀರು ಕಾಗದ, ಅಂದರೆ ವಾಟರ್ ಪೇಪರ್, ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಹಿಡಿಕೆಯ ಮುಖವನ್ನು ಅದರ ಮೇಲಿಟ್ಟು ಎಂಟರ ಆಕಾರದಲ್ಲಿ ಹಗುರವಾಗಿ ತಿರುಗಿಸಬೇಕು. ಹತ್ತು ಸುತ್ತು, ಒರೆಸಿ ನೋಡು, ಮತ್ತೆ ಹತ್ತು ಸುತ್ತು. ಮುಖವೆಲ್ಲ ಒಂದೇ ಬೂದು ಬಣ್ಣಕ್ಕೆ ಬಂದಾಗ ಸಾಕು. ಇಲ್ಲಿ ಅವಸರ ಮಾಡಿದವರದ್ದೇ ಮತ್ತೆ ಸೋರುವುದು. ನಾವು ಮೊದಲ ಸಲ ಬೆರಳಿನ ಮೇಲೆ ಇಟ್ಟುಕೊಂಡು ಉಜ್ಜಿ ಅಂಚು ಇಳಿಸಿಬಿಟ್ಟಿದ್ದೆವು. ಅಪ್ಪ ಕೈಯಿಂದ ಕಿತ್ತುಕೊಂಡು ಗಾಜು ತರಲು ಹೇಳಿದರು. ಆಗಲೇ ಗೊತ್ತಾದದ್ದು, ಅವರು ನಲವತ್ತು ವರ್ಷದ ಹಿಂದೆ ಇದನ್ನು ಮಾಡಿದವರೇ ಅಂತ. ಕೇಳಿದ್ದರೆ ಹೇಳುತ್ತಿದ್ದರು. ಕೇಳಿರಲಿಲ್ಲ.

ಬಿಲ್ಲೆಗೆ ಅಚ್ಚು ಹಳೇ ರಬ್ಬರೇ. ಅದನ್ನು ಹಾಳೆಯ ಮೇಲಿಟ್ಟು ಸೂಜಿಯಿಂದ ಗುರುತು ಮಾಡಿ, ಬಸ್‌ಸ್ಟ್ಯಾಂಡ್ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ತೂತು ಹೊಡೆಯುವ ಪಂಚ್ ಇಸಿದುಕೊಂಡೆವು. ಬ್ಲೇಡಿನಿಂದ ಕೊರೆದ ತೂತಿನ ಅಂಚು ಹರಿದಿರುತ್ತದೆ, ಪಂಚಿನದು ದುಂಡಗೆ ಬರುತ್ತದೆ. ಹಾಳೆಯ ದಪ್ಪ ಹಳೇ ಬಿಲ್ಲೆ ಹೊಸದಿದ್ದಾಗಿನಷ್ಟೇ ಇರಬೇಕು. ದಪ್ಪವಾದರೆ ಹಿಡಿಕೆ ತಿರುಗುವುದಿಲ್ಲ, ತೆಳುವಾದರೆ ಸ್ಪ್ರಿಂಗ್ ಒತ್ತುವುದಿಲ್ಲ. ಕೂಡಿಸುವಾಗ ರಬ್ಬರಿಗೆ ಒಂದು ಹನಿ ಟೂ-ಟಿ ಎಣ್ಣೆ ಸವರಿದೆವು. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯಬಾರದು, ಅದಕ್ಕೆ ಅರ್ಧ ಸುತ್ತು, ಇದಕ್ಕೆ ಅರ್ಧ ಸುತ್ತು. ಟ್ಯಾಂಕಿಗೆ ಹಾಕುವಾಗ ಪಾನಾದ ಮೇಲೆ ಶಕ್ತಿ ತೋರಿಸಬೇಡಿ, ಎರಕದ ಒಡಲು ಬಿರಿದರೆ ಅದಕ್ಕೆ ಮದ್ದಿಲ್ಲ.

ಆಮೇಲೆ ಒಂದು ಲೀಟರ್ ಹಾಕಿ, ಕಾಕ್ ಬಂದ್ ಇಟ್ಟು, ಕೆಳಗೆ ಹಳೇ ಪೇಪರ್ ಹಾಸಿ, ಅಂಗಳದಲ್ಲೇ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಅವ್ವನೇ ಮೊದಲು ಎದ್ದು ಹೋಗಿ ಪೇಪರ್ ಮುಟ್ಟಿ ನೋಡಿದಳು. ಒಣಗಿತ್ತು. ಅದರಲ್ಲಿ ನಮ್ಮದೇ ಒಂದು ಸುದ್ದಿ ಇತ್ತು ಅನ್ನುವುದು ಬೇರೆ ಮಾತು.

ಈಗ ಕೆಲವರು ಕೇಳುತ್ತಾರೆ: ಹೊಗೆ ಉಗುಳುವ ಟೂ-ಸ್ಟ್ರೋಕ್ ಗಾಡಿಗೆ ಇಷ್ಟೆಲ್ಲ ಯಾಕೆ? ಹೊಗೆಯ ಮಾತು ನಿಜ, ಎಣ್ಣೆ ಬೆರೆಸಿ ಸುಡುವ ಇಂಜಿನ್ ಅದು, ನಾವು ಮುಚ್ಚಿಡುವುದಿಲ್ಲ. ಆದರೆ ಹೊಲಕ್ಕೂ ಮನೆಗೂ ದಿನಕ್ಕೆ ಹತ್ತು ಕಿಲೋಮೀಟರ್ ಓಡುವ, ಸಾಲವಿಲ್ಲದ ಗಾಡಿಯನ್ನು ಬಿಟ್ಟು ಲಕ್ಷದ ಸಾಲಕ್ಕೆ ಬೀಳು ಎಂದು ತೊಗರಿ ಬೆಳೆ ಕೈಕೊಟ್ಟ ವರ್ಷ ರೈತನಿಗೆ ಹೇಳುವ ಧೈರ್ಯ ನಮಗಿಲ್ಲ. ಮೈಲೇಜಿನ ಲೆಕ್ಕವನ್ನೂ ನೋಡಿ. ನೀತಿ ಆಯೋಗದ 2021ರ ವರದಿಯೇ ಹೇಳಿದೆ, ಎಥನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಬೈಕುಗಳಿಗೆ ಇ20ಯಿಂದ ಶೇಕಡಾ 3ರಿಂದ 4ರಷ್ಟು ಮೈಲೇಜ್ ನಷ್ಟ. ಯಾವುದಕ್ಕೂ ಹೊಂದಿಸದ ಹಳೇ ಗಾಡಿಯವನು ಆ ನಷ್ಟವನ್ನೂ ಹೊರುತ್ತಾನೆ, ರಬ್ಬರಿನದ್ದನ್ನೂ ಹೊರುತ್ತಾನೆ. ಬಂಕಿನಲ್ಲಿ ಒಂದು ರೂಪಾಯಿ ರಿಯಾಯಿತಿ ಇಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಬಂಕಿನ ಪ್ರತಿ ಪಂಪಿನ ಮೇಲೆ ಎಥನಾಲ್ ಎಷ್ಟು ಅಂತ ಕನ್ನಡದಲ್ಲಿ, ಎದ್ದು ಕಾಣುವಂತೆ ಬರೆಯಲಿ. ರಬ್ಬರ್ ಬದಲಿಸುವುದು ಅಗ್ಗದ ಕೆಲಸ ಎಂದವರು, ಆ ರಬ್ಬರ್ ತಾಲ್ಲೂಕು ಮಟ್ಟದಲ್ಲಿ ಸಿಗುವ ವ್ಯವಸ್ಥೆ ಮಾಡಲಿ. ಎಣ್ಣೆ ಕಂಪನಿಗಳ ಬಂಕಿನಲ್ಲಿ ಟೂ-ಟಿ ಎಣ್ಣೆಯ ಪೊಟ್ಟಣ ಇಟ್ಟು ಮಾರಲು ಬರುತ್ತದೆ, ಕಾಕ್, ಪೈಪು, ಕಾರ್ಬುರೇಟರಿನ ವಿಟಾನ್ ಸಾಮಾನಿನ ಪೊಟ್ಟಣ ಇಡಲು ಬರುವುದಿಲ್ಲವೇ? ಐಟಿಐಗಳ ಮೆಕ್ಯಾನಿಕ್ ಹುಡುಗರಿಗೆ ಒಂದು ದಿನ ಇದನ್ನೇ ಪಾಠ ಮಾಡಲಿ. ಪಾಠ ಹೇಳಲು ಜೇವರ್ಗಿಯ ಮಿಸ್ತ್ರಿಯಂಥವರನ್ನು ಕರೆಸಲಿ, ಸಂಭಾವನೆ ಕೊಟ್ಟು. ಅವರ ಮಗ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾನೆ, ಅಂಗಡಿ ಸಂಜೆ ಎರಡು ತಾಸು ಮಾತ್ರ ತೆರೆಯುತ್ತದೆ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು: ಗಾಡಿ ನಿಲ್ಲಿಸಿದ ಕೂಡಲೇ ಕಾಕ್ ಬಂದ್ ಮಾಡಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಅರ್ಧಂಬರ್ಧ ಬಿಡಬೇಡಿ. ವಾರಕ್ಕೊಮ್ಮೆ ಹಿಡಿಕೆಯ ಸುತ್ತ ಬೆರಳಾಡಿಸಿ ಮೂಸಿ ನೋಡಿ. ವಾಸನೆ ಬಂದರೆ ಆ ರಾತ್ರಿ ಗಾಡಿ ಒಳಗೆ ಬೇಡ, ಮಳೆಯಿದ್ದರೂ.

ನಮ್ಮ ಹತ್ತಿರ ಇನ್ನೂ ಆರು ಬಿಲ್ಲೆಗಾಗುವಷ್ಟು ಹಾಳೆ ಉಳಿದಿದೆ. ಮೂರು ಈಗಾಗಲೇ ಬೇರೆ ಮನೆಗಳ ಗಾಡಿಗೆ ಹೋದವು, ಅದರಲ್ಲೊಂದು ಆರ್‌ಎಕ್ಸ್ 100. ಹೋದ ವಾರ ಆಳಂದದಿಂದ ಒಬ್ಬ ನಿವೃತ್ತ ಮಾಸ್ತರರು ತಮ್ಮ ಹಳೇ ಬುಲೆಟ್ಟಿನ ಕಾಕನ್ನು ಕರ್ಚೀಪಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದು ತಿರುಗಿಸುವ ಜಾತಿಯದಲ್ಲ, ಎಳೆದರೆ ಚಾಲು, ಒತ್ತಿದರೆ ಬಂದ್. ಒಳಗಿರುವುದು ರಬ್ಬರಲ್ಲ, ಬೆಂಡು. ಟ್ಯಾಂಕ್ ಒಣಗಿಸಿ ಬಿಟ್ಟಿದ್ದರಿಂದ ಬೆಂಡು ಸೊರಗಿ ಸಡಿಲಾಗಿದೆ. ಅಪ್ಪ ಅದನ್ನು ಬಿಸಿನೀರಿನ ಲೋಟದಲ್ಲಿ ನೆನೆಹಾಕಿದ್ದಾರೆ. ನಾಳೆ ಬೆಳಿಗ್ಗೆ ತೆಗೆದು ನೋಡಬೇಕು.